ಅಚ್ಚು ಒಡೆಯದೆ ಹೊರಬರದ ಮುಖ



ವಿದ್ಯಾರಣ್ಯಪುರದಲ್ಲಿ ನಾವು ಬಾಡಿಗೆಗಿರುವ ಕೋಣೆಯಿಂದ ಎರಡು ಅಡ್ಡರಸ್ತೆ ದಾಟಿದರೆ ಒಂದು ಸಣ್ಣ ಸಭಾಂಗಣ ಇದೆ. ಕೆಲ ತಿಂಗಳ ಹಿಂದೆ ಅಲ್ಲಿ ಮೇಣದ ಉಬ್ಬುಮುಖಗಳ ಪ್ರದರ್ಶನ ನಡೆಯಿತು. ಕರಿ ಮಖಮಲ್ಲಿನ ಮೇಲೆ ಅಂಗೈಯಗಲದ ಮುಖಗಳು, ಮುಂದೆ ಗಾಜು, ಸುತ್ತ ಚೌಕಟ್ಟು. ಒಬ್ಬರು ದಿವಾನರು, ಒಬ್ಬರು ಮಠಾಧಿಪತಿಗಳು, ಇಬ್ಬರು ಸಂಗೀತ ವಿದ್ವಾಂಸರು, ಒಬ್ಬರು ವಿಜ್ಞಾನಿ. ಉಳಿದವರೆಲ್ಲ ಈ ಕಡೆಯ ನಿವೃತ್ತ ಅಧಿಕಾರಿಗಳು, ಅವರ ತಂದೆತಾಯಿಗಳು. ಕೆಲಸ ಅಚ್ಚುಕಟ್ಟಾಗಿತ್ತು, ಸುಳ್ಳು ಹೇಳಬಾರದು. ರೆಪ್ಪೆಯ ಕೂದಲು ಎಣಿಸುವಂತಿತ್ತು. ಬಾಗಿಲ ಬಳಿ ಒಂದು ಬೋರ್ಡು: ನಿಮ್ಮ ಹಿರಿಯರ ಮುಖವನ್ನೂ ಮೇಣದಲ್ಲಿ ಮಾಡಿಕೊಡುತ್ತೇವೆ, ಒಂದು ಫೋಟೋ ತನ್ನಿ ಸಾಕು.

ಆ ‘ಸಾಕು’ ಅನ್ನೋ ಮಾತಿನ ಮುಂದೆ ನಾವು ಬಹಳ ಹೊತ್ತು ನಿಂತಿದ್ದೆವು.

ನಮ್ಮ ಅಜ್ಜಿಯ ಫೋಟೋ ಇಲ್ಲ. ಒಂದೂ ಇಲ್ಲ. ದೊಡ್ಡಬಳ್ಳಾಪುರದ ಕಡೆಯ ನಮ್ಮ ಕೇರಿಯಲ್ಲಿ ಮದುವೆಗೆ ಫೋಟೋದವನನ್ನು ಕರೆಸುವ ಕಾಲ ಬರುವ ಮೊದಲೇ ಅವಳಿಗೆ ವಯಸ್ಸಾಗಿತ್ತು. ಫೋಟೋ ಇರುವ ಮತದಾರರ ಗುರುತಿನ ಚೀಟಿಯನ್ನು ಸರ್ಕಾರ ತಂದದ್ದು 1993ರಲ್ಲಿ, ಅವಳು ಸತ್ತದ್ದು ಅದಕ್ಕೂ ನಾಲ್ಕು ವರ್ಷ ಹಿಂದೆ. ಸರ್ಕಾರಕ್ಕೆ ಅವಳ ವೋಟು ಬೇಕಾಗಿತ್ತು, ಮುಖ ಬೇಕಾಗಿರಲಿಲ್ಲ. ಜೀವಮಾನವೆಲ್ಲ ಅವಳು ಇಟ್ಟಿಗೆ ಗೂಡಿನಲ್ಲಿ ದುಡಿದಳು. ಮರದ ಅಚ್ಚಿಗೆ ಕೆಸರು ತುಂಬುವುದು, ಅಂಗೈಯಲ್ಲಿ ಸವರುವುದು, ಕವುಚಿ ಬಿಡುವುದು. ಬೆಂಗಳೂರು ಬೆಳೆದದ್ದು ಅಂಥ ಇಟ್ಟಿಗೆಯಿಂದಲೇ. ಈ ಬಡಾವಣೆಯ ಯಾವುದೋ ಗೋಡೆಯ ಗಾರೆಯ ಹಿಂದೆ ಅವಳ ಬೆರಳ ಗುರುತು ಇದ್ದರೂ ಇದ್ದೀತು. ಸಾವಿರಾರು ಸಲ ಅಚ್ಚು ಎತ್ತಿದವಳದೇ ಒಂದು ಅಚ್ಚು ಇಲ್ಲ.

ಈ ಲೇಖನ ಆ ಪ್ರದರ್ಶನದ ವಿಮರ್ಶೆ. ಕಲಾವಿದರ ಹೆಸರು ಹಾಕುವುದಿಲ್ಲ, ಯಾಕೆಂದರೆ ನಮ್ಮ ಜಗಳ ಅವರೊಬ್ಬರ ಜೊತೆಗಲ್ಲ. ಜಗಳ ಇರುವುದು ಅಚ್ಚಿನ ಜೊತೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ತಿಳಿಯೋಣ. ದುಡಿಮೆಯನ್ನು ತಿಳಿಯದೆ ಕಲೆಯ ಬಗ್ಗೆ ಮಾತಾಡುವುದು ಉಂಡು ತೇಗುವವರ ಚಟ. ನಮಗೆ ಅದು ಬೇಡ.

ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ಮುಖವನ್ನು ಎಬ್ಬಿಸುತ್ತಾರೆ. ಪೂರಾ ತಲೆ ಅಲ್ಲ, ಅರ್ಧ ಮುಖ ನೆಲದಿಂದ ಮೇಲೆದ್ದ ಹಾಗೆ. ಸುತ್ತ ಮಣ್ಣಿನ ಗೋಡೆ ಕಟ್ಟಿ ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯುತ್ತಾರೆ. ಈ ಪ್ಲಾಸ್ಟರ್ ಎಂದರೆ ಸುಟ್ಟ ಜಿಪ್ಸಂ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಶಾಖದಲ್ಲಿ ಹುರಿದರೆ ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹಾರಿಹೋಗುತ್ತದೆ. ಆ ಪುಡಿಗೆ ಮತ್ತೆ ನೀರು ಸಿಕ್ಕರೆ ಕುಡಿದು ಕಲ್ಲಾಗುತ್ತದೆ, ಕಲ್ಲಾಗುವಾಗ ಬಿಸಿ ಕಾರುತ್ತದೆ. ಪುಡಿಗೆ ನೀರು ಹಾಕಬಾರದು, ನೀರಿಗೆ ಪುಡಿ ಉದುರಿಸಬೇಕು, ಇಲ್ಲದಿದ್ದರೆ ಗಂಟು. ಗಟ್ಟಿಯಾದ ಮೇಲೆ ಜೇಡಿ ತೆಗೆದು ತೊಳೆದರೆ ಉಳಿಯುವುದೇ ಅಚ್ಚು. ಮೂಗಿದ್ದಲ್ಲಿ ಹಳ್ಳ, ಕಣ್ಣಿನ ಕುಳಿ ಇದ್ದಲ್ಲಿ ಉಬ್ಬು. ಆ ಅಚ್ಚನ್ನು ನೀರಲ್ಲಿ ನೆನೆಸಬೇಕು. ಒಣ ಪ್ಲಾಸ್ಟರು ಮೇಣವನ್ನು ಹೀರಿ ಕಚ್ಚಿಕೊಳ್ಳುತ್ತದೆ, ನೀರು ಕುಡಿದ ಪ್ಲಾಸ್ಟರು ಬಿಟ್ಟುಕೊಡುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ. ನೇರ ಬೆಂಕಿಗೆ ಇಡಬಾರದು, ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಬೇಕು. ತೀರಾ ಬಿಸಿಯಾಗಿ ಸುರಿದರೆ ಗುಳ್ಳೆ ಏಳುತ್ತದೆ, ತಣ್ಣಗಾಗಿ ಸುರಿದರೆ ಸುಕ್ಕು ಬೀಳುತ್ತದೆ. ಆರಿದ ಮೇಲೆ ಕವುಚಿ ತಟ್ಟಿದರೆ ಮುಖ ಕೈಗೆ ಬರುತ್ತದೆ.

ಇಷ್ಟೇನಾ ಅಂದರೆ, ಇಷ್ಟೇ. ಆದರೆ ಈ ಇಷ್ಟರಲ್ಲೇ ಒಂದು ಕಂಟಕ ಇದೆ. ಅದಕ್ಕೆ ಆಮೇಲೆ ಬರುತ್ತೇವೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಗ್ರೀಸಿನ ಲಿಸಿಸ್ಟ್ರೇಟಸ್ ಎಂಬ ಶಿಲ್ಪಿ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಮನುಷ್ಯರ ಮುಖದಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಅದಕ್ಕೆ ಮೇಣ ಹೊಯ್ದು, ಆ ಮೇಣವನ್ನು ತಿದ್ದುತ್ತಿದ್ದ, ಹಾಗೆ ಮಾಡಿದವರಲ್ಲಿ ಅವನೇ ಮೊದಲಿಗ ಎಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಆ ರೋಮಿನಲ್ಲೇ ದೊಡ್ಡ ಮನೆತನದವರು ತಮ್ಮ ಪೂರ್ವಿಕರ ಮೇಣದ ಮುಖಗಳನ್ನು ನಡುಮನೆಯ ಗೂಡುಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಸಾವಾದರೆ ಆ ಮುಖವಾಡಗಳನ್ನು ತೊಟ್ಟ ಜನ ಹೆಣದ ಮುಂದೆ ನಡೆಯುತ್ತಿದ್ದರು. ಸತ್ತ ತಾತ ಮುತ್ತಾತಂದಿರೆಲ್ಲ ಎದ್ದು ಬಂದ ಹಾಗೆ! ಆದರೆ ಮೇಣದ ಮುಖ ಯಾರಿಗೆ ಸಿಗುತ್ತಿತ್ತು? ರಾಜ್ಯದ ಉನ್ನತ ಪದವಿ ಹಿಡಿದ ಗಂಡಸರಿಗೆ ಮಾತ್ರ. ಗುಲಾಮನಿಗೆ ಇಲ್ಲ, ಆ ಮನೆಯ ಹೆಂಗಸಿಗೂ ಇಲ್ಲ. ಪೂರ್ವಿಕರು ಎಲ್ಲರಿಗೂ ಇದ್ದರು, ಪೂರ್ವಿಕರ ಮುಖ ಮಾತ್ರ ಕೆಲವರ ಆಸ್ತಿಯಾಗಿತ್ತು. ನಮ್ಮ ಸಭಾಂಗಣದ ಆ ಬೋರ್ಡಿಗೂ ರೋಮಿನ ಈ ಕಟ್ಟಳೆಗೂ ಎಷ್ಟು ದೂರ, ನೀವೇ ಅಳೆಯಿರಿ.

ಅಷ್ಟು ದೂರ ಯಾಕೆ, ನಮ್ಮ ಕಲ್ಯಾಣಕ್ಕೇ ಬನ್ನಿ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ಮಾಡಿದ. ಮೇಣದಲ್ಲಿ ವಿಗ್ರಹ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಖಾಲಿಯಾದ ಜಾಗಕ್ಕೆ ಲೋಹ ಎರೆಯುವ ಕ್ರಮ ಅದರಲ್ಲಿದೆ. ಮೊದಲೇ ಮೇಣವನ್ನು ತೂಗಬೇಕು, ಆ ತೂಕದ ಲೆಕ್ಕದಲ್ಲಿ ಲೋಹ ತೆಗೆದುಕೊಳ್ಳಬೇಕು ಎಂಬ ವಿವರವೂ ಇದೆ. ಲೆಕ್ಕ ಪಕ್ಕಾ.

ಈ ವಿಧಾನಕ್ಕೆ ಶಾಸ್ತ್ರದಲ್ಲಿ ಮಧೂಚ್ಛಿಷ್ಟ ಎಂಬ ಹೆಸರು. ಮಧು ಎಂದರೆ ಜೇನು. ಉಚ್ಛಿಷ್ಟ ಎಂದರೆ? ಎಂಜಲು! ಜೇನು ಹಿಂಡಿ ತೆಗೆದ ಮೇಲೆ ಉಳಿದ ಎಂಜಲೇ ಮೇಣ. ಆ ಎಂಜಲಿನಲ್ಲಿ ಮೊದಲು ದೇವರಾಗುತ್ತಾನೆ, ಆಮೇಲೆ ಕಂಚಾಗುತ್ತಾನೆ, ಆಮೇಲೆ ಗರ್ಭಗುಡಿಗೆ ಹೋಗುತ್ತಾನೆ. ಮರ ಹತ್ತಿ, ಹೊಗೆ ಹಾಕಿ, ಹುಳು ಕಚ್ಚಿಸಿಕೊಂಡು ಹುಟ್ಟು ಇಳಿಸಿದವನು ಮಾತ್ರ ಹೊರಗೆ ನಿಲ್ಲುತ್ತಾನೆ. ಜೇನನ್ನೇ ಹೆಸರಿನಲ್ಲಿ ಹೊತ್ತ ಜೇನುಕುರುಬರನ್ನು ಹುಲಿಯ ಹೆಸರಿನಲ್ಲಿ ನಾಗರಹೊಳೆ ಕಾಡಿನಿಂದ ಎಬ್ಬಿಸಿದ್ದನ್ನು ನಾವು ಬಲ್ಲೆವು. 2025ರ ಮೇ ತಿಂಗಳಲ್ಲಿ ಅವರಲ್ಲಿ ಕೆಲವು ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಳೆಯ ನೆಲಕ್ಕೆ ವಾಪಸು ಬಂದು ಗುಡಿಸಲು ಹಾಕಿದಾಗ, ಇದು ನಮ್ಮ ಜಾಗ ಎಂದು ಅವರು ತೋರಿಸಿದ್ದು ಪೂರ್ವಿಕರ ನೆಲೆಗಳನ್ನು. ಅವರ ಹಿರಿಯರ ಮುಖ ಮೇಣದಲ್ಲಿಲ್ಲ, ಮಣ್ಣಿನಲ್ಲಿದೆ.

ಸೋಮೇಶ್ವರ ಸತ್ತು ಕೆಲವು ದಶಕ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ತನ್ನ ಮಗನಿಗೆ ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳನ್ನು ತಂದ ಎಂಬ ಕಾರಣಕ್ಕೆ ಇಬ್ಬರು ಬೀಗರನ್ನೂ ಎಳೆಹೂಟೆ ಹಾಕಿ ಕೊಂದರು ಎಂದು ಪರಂಪರೆ ಹೇಳುತ್ತದೆ. ಎರಕದ ಮೇಣಕ್ಕೆ ತೂಕ ಹೇಳಿದ ಊರು ಅದು. ಒಬ್ಬ ಸಮಗಾರನ ಜೀವಕ್ಕೆ ಅಲ್ಲಿ ತೂಕವಿರಲಿಲ್ಲ. ಹರಳಯ್ಯನ ಮುಖ ಹೇಗಿತ್ತು? ಗೊತ್ತಿಲ್ಲ. ಇವತ್ತು ಕ್ಯಾಲೆಂಡರಿನಲ್ಲಿ ಕಾಣುವ ಹರಳಯ್ಯ ಯಾರೋ ತುಂಬಿದ ಮುಖ.

ನಮ್ಮ ವಿದ್ಯಾರಣ್ಯಪುರದಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಹೆಬ್ಬಾಳ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಎಂಬ ಹೋರಾಟಗಾರ ಸತ್ತ ಸಂಗತಿ ಕನ್ನಡದಲ್ಲಿದೆ, ಅವನ ಉಬ್ಬುಚಿತ್ರವೂ ಇದೆ. ಅಂದರೆ ಉಬ್ಬುಮುಖ ಈ ನೆಲಕ್ಕೆ ಹೊಸದೇನಲ್ಲ, ಸಾವಿರದ ಇನ್ನೂರೈವತ್ತು ವರ್ಷದ ಹಿಂದೆಯೇ ಇತ್ತು. ಕತ್ತಿ ಹಿಡಿದು ಸತ್ತವನಿಗೆ ಕಲ್ಲು ಸಿಕ್ಕಿತು. ಕೆಸರು ಕಲಸಿ ಸತ್ತವಳಿಗೆ ಸಿಗಲಿಲ್ಲ.

ನಮ್ಮಂಥವರ ಮುಖ ಅಚ್ಚಿಗೆ ಹೋಗಲೇ ಇಲ್ಲ ಅಂತಲೂ ಅಲ್ಲ. ಹೋದಾಗ ಏನಾಯಿತು ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಇಂಗ್ಲೆಂಡಿನಲ್ಲಿದೆ. 18ನೇ ಶತಮಾನದಲ್ಲಿ ಅಲ್ಲಿ ಮೇಣದ ಉಬ್ಬುಮುಖ ಮಾಡಿಸಿಕೊಳ್ಳುವುದು ಸಿರಿವಂತರ ಶೋಕಿ. ಐಸಾಕ್ ಗೊಸೆಟ್ ಎಂಬಾತ ಅದರಲ್ಲಿ ಹೆಸರಾದವನು. ಜೊಸೈಯಾ ವೆಜ್‌ವುಡ್ ಎಂಬ ಪಿಂಗಾಣಿ ಕಾರ್ಖಾನೆಯ ಮಾಲೀಕ ಇಂಥ ಮೇಣದ ಮುಖಗಳಿಂದ ಪ್ಲಾಸ್ಟರ್ ಅಚ್ಚು ತೆಗೆದು ಪದಕಗಳನ್ನು ಮಾಡಿಸುತ್ತಿದ್ದ. ರಾಜರು, ಸರದಾರರು, ಪಂಡಿತರು ಎಲ್ಲರೂ ತಮ್ಮ ತಮ್ಮ ಮೂಗು, ತಮ್ಮ ತಮ್ಮ ಗದ್ದ, ತಮ್ಮ ತಮ್ಮ ಹೆಸರಿನ ಸಮೇತ ಪದಕವಾದರು. ಅದೇ ಕಾರ್ಖಾನೆಯಿಂದ 1787ರಲ್ಲಿ ಗುಲಾಮಗಿರಿಯ ವಿರುದ್ಧವೂ ಒಂದು ಪದಕ ಬಂತು. ಸರಪಳಿ ತೊಟ್ಟ ಒಬ್ಬ ಕರಿಯ ಮನುಷ್ಯ ಮಂಡಿಯೂರಿ, ಕೈ ಜೋಡಿಸಿ, ನಾನು ಮನುಷ್ಯನಲ್ಲವೇ, ನಿಮ್ಮ ಸೋದರನಲ್ಲವೇ ಎಂದು ಕೇಳುತ್ತಿದ್ದಾನೆ. ಆ ಪದಕ ಬಹಳ ಜನರ ಮನ ಕರಗಿಸಿತು, ಒಳ್ಳೆಯ ಕೆಲಸವನ್ನೂ ಮಾಡಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೋಡಿ: ಅದು ಯಾರ ಮುಖವೂ ಅಲ್ಲ. ಅವನಿಗೆ ಹೆಸರಿಲ್ಲ. ಅವನು ಎದ್ದು ನಿಂತಿಲ್ಲ. ಅಚ್ಚು ಒಂದೇ, ಮಂಡಿಯೂರುವುದೂ ಒಂದೇ, ಎಷ್ಟು ಸಲ ಎರೆದರೂ ಅವನು ಬೇಡುತ್ತಲೇ ಇರುತ್ತಾನೆ.

ನಮ್ಮ ಸಾಹಿತ್ಯದಲ್ಲೂ ಇದೇ ಆಯಿತಲ್ಲವೇ? ಕಾರಂತರ ‘ಚೋಮನ ದುಡಿ’ 1933ರದು. ಚೋಮ ಅಚ್ಚಿನಿಂದ ಬಂದವನಲ್ಲ, ಕಾರಂತರು ಕಂಡು ಮರುಗಿ ಮಾಡಿದ ಮುಖ ಅದು. ಆದರೆ ಆಮೇಲೆ ಬಂದವರು ಚೋಮನಿಂದ ಅಚ್ಚು ತೆಗೆದರು. ಎಷ್ಟು ಕತೆಯಲ್ಲಿ ಎಷ್ಟು ಹೊಲೆಯರು ಒಂದೇ ಥರ ಕೈಮುಗಿದು, ಒಂದೇ ಥರ ಕುಡಿದು, ಒಂದೇ ಥರ ಸತ್ತರು! ಓದಿದವರು ಕಣ್ಣೀರು ಒರೆಸಿಕೊಂಡು ಊಟಕ್ಕೆ ಹೋದರು. ದೇವನೂರರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕಿಕೊಂಡು ಹೊರಟಾಗ ಆ ಅಚ್ಚು ಬಿರಿಯಿತು. ಅವಳು ಯಾರನ್ನೂ ಬೇಡುವುದಿಲ್ಲ. ತನ್ನ ಹುಂಜ ತನಗೆ ಬೇಕು, ಅಷ್ಟೇ.

ಈಗ ಆ ಕಂಟಕಕ್ಕೆ ಬರೋಣ.

ಪ್ರದರ್ಶನ ನೋಡಿ ಬಂದ ಮೇಲೆ ನಾವು ಸುಮ್ಮನಿರಲಿಲ್ಲ. ಕಲಾಶಾಲೆಯಲ್ಲಿ ಓದಿದ ಒಬ್ಬ ಗೆಳೆಯನ ಶೆಡ್ಡಿನಲ್ಲಿ ಕೂತು ಅಜ್ಜಿಯ ಮುಖ ಮಾಡಲು ಹೊರಟೆವು. ಫೋಟೋ ಇಲ್ಲ, ಬರೀ ಬಾಯಿಮಾತು. ಅವ್ವ ಹೇಳಿದ್ದು, ದೊಡ್ಡವ್ವ ಹೇಳಿದ್ದು. ಗುಳಿಬಿದ್ದ ಕೆನ್ನೆ, ಎದ್ದ ಕೆನ್ನೆಮೂಳೆ, ಮುಂದಿನ ಎರಡು ಹಲ್ಲು ಇಲ್ಲ, ಓಲೆ ಮಾರಿಕೊಂಡ ಮೇಲೆ ಜೋತುಬಿದ್ದ ಕಿವಿಯ ಹಾಲೆ. ಜೇಡಿಯಲ್ಲಿ ಹಾಗೇ ಎಬ್ಬಿಸಿದೆವು. ಗೆಳೆಯ ನೋಡಿ, ಇದು ಬಿಡೋಲ್ಲ ಅಂದ. ಯಾಕೆ ಅಂದರೆ ಅಂಡರ್‌ಕಟ್. ಅಂದರೆ ಒಳಸರಿದ ಜಾಗ. ಕೆನ್ನೆಮೂಳೆಯ ಅಡಿಯ ಗುಳಿ, ತುಟಿಯ ಒಳಮಗ್ಗುಲು, ಹಾಲೆಯ ಹಿಂಭಾಗ. ಗಟ್ಟಿ ಅಚ್ಚು ಇಂಥ ಕಡೆ ಕಚ್ಚಿಕೊಳ್ಳುತ್ತದೆ, ಎಳೆದರೆ ಮೇಣ ಮುರಿಯುತ್ತದೆ. ಅದಕ್ಕೆ ಕಸುಬಿನವರು ಏನು ಮಾಡುತ್ತಾರೆ? ಗುಳಿಯನ್ನು ಒಂದಿಷ್ಟು ತುಂಬುತ್ತಾರೆ, ಅಂಚನ್ನು ಸವರುತ್ತಾರೆ. ಅವನೂ ಹಾಗೇ ಮಾಡಿದ. ಮೇಣ ಸಲೀಸಾಗಿ ಬಂತು, ಚೆನ್ನಾಗಿಯೂ ಇತ್ತು.

ಊರಿಗೆ ತೆಗೆದುಕೊಂಡು ಹೋಗಿ ದೊಡ್ಡವ್ವನ ಕೈಗಿಟ್ಟೆವು. ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

“ಇದು ನಮ್ಮವ್ವ ಅಲ್ಲ ಕಣಪ್ಪ. ಹೊಟ್ಟೆ ತುಂಬ ಉಂಡೋರ ಮುಖ ಇದು. ನಮ್ಮವ್ವ ಯಾವತ್ತು ಹಿಂಗಿದ್ಲು?”

ಯಾವ ವಿಮರ್ಶಕನೂ ನಮಗೆ ಇಷ್ಟು ಕಲಿಸಿಲ್ಲ. ಸವರಿದ ಮುಖವೇ ಅಚ್ಚಿಗೆ ಬೇಕು. ಹಸಿವು ಕೊರೆದ ಗುಳಿ ಅಚ್ಚಿಗೆ ತೊಡಕು. ಆ ಪ್ರದರ್ಶನದ ಮುಖಗಳೆಲ್ಲ ಯಾಕೆ ಅಷ್ಟು ನುಣುಪಾಗಿದ್ದವು ಅನ್ನುವುದು ಆಗ ಹೊಳೆಯಿತು. ಕಲಾವಿದರು ಸುಳ್ಳು ಹೇಳಿರಲಿಲ್ಲ. ಅಚ್ಚಿಗೆ ಒಗ್ಗುವ ಮುಖಗಳನ್ನೇ ಆರಿಸಿಕೊಂಡಿದ್ದರು, ಒಗ್ಗದ್ದನ್ನು ಸವರಿದ್ದರು. ಅದೇ ಅವರ ರಾಜಕೀಯ. ಅದು ಅವರಿಗೆ ಗೊತ್ತಿಲ್ಲದೆ ಇರಬಹುದು, ಆದರೂ ಅದು ರಾಜಕೀಯವೇ.

ಹಾಗಾದರೆ ದಾರಿ ಇಲ್ಲವೇ? ಇದೆ. ಕಸುಬಿನಲ್ಲೇ ಇದೆ. ವೇಸ್ಟ್ ಮೋಲ್ಡ್ ಎಂದು ಕರೆಯುತ್ತಾರೆ. ಮುಖವನ್ನು ಅಚ್ಚಿನಿಂದ ಎಳೆಯುವುದಿಲ್ಲ, ಮುಖದ ಮೇಲಿಂದ ಅಚ್ಚನ್ನೇ ಚೂರು ಚೂರಾಗಿ ಒಡೆದು ತೆಗೆಯುತ್ತಾರೆ. ಒಂದೇ ಪ್ರತಿ ಬರುತ್ತದೆ, ಎರಡನೆಯದು ಇಲ್ಲ, ಅಚ್ಚು ಹಾಳು. ಪ್ಲಾಸ್ಟರಿನ ಮೊದಲ ಪದರ ಸುರಿಯುವಾಗ ಅದಕ್ಕೆ ಬಣ್ಣ ಕಲಸುತ್ತಾರೆ. ನಾವು ಕಲಸಿದ್ದು ಬಿಳಿ ಬಟ್ಟೆಗೆ ಹಾಕುವ ನೀಲಿ. ಉಳಿ ಹಿಡಿದು ಬಿಳಿ ಪದರ ಒಡೆಯುತ್ತಾ ಒಡೆಯುತ್ತಾ ನೀಲಿ ಕಂಡಿತೆಂದರೆ ಮುಖ ಹತ್ತಿರ ಬಂತು ಅಂತ ಅರ್ಥ, ಇನ್ನು ಮೆಲ್ಲಗೆ. ಆ ನೀಲಿ ಕಂಡಾಗ ನಮ್ಮ ಕೈ ನಡುಗಿತು ಎಂದು ಬರೆಯಲು ನಾಚಿಕೆ ಏನಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಈ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ. ನಾವೂ ಅಚ್ಚು ಹಿಡಿದಿದ್ದೇವೆ. ಬಾಬಾಸಾಹೇಬರನ್ನು ಏನು ಮಾಡಿದ್ದೇವೆ? 1967ರ ಏಪ್ರಿಲ್ 2ರಂದು ಸಂಸತ್ತಿನ ಆವರಣದಲ್ಲಿ ಬಿ.ವಿ. ವಾಘ್ ಮಾಡಿದ ಕಂಚಿನ ಪ್ರತಿಮೆ ನಿಂತಿತು. 2024ರಲ್ಲಿ ಅದನ್ನು ಅದರ ಜಾಗದಿಂದ ಕದಲಿಸಿದಾಗ ನಾವೆಲ್ಲ ಸಿಟ್ಟಾದೆವು, ಸಿಟ್ಟಾಗಲೇಬೇಕಿತ್ತು. ಊರೂರಿನ ಕೇರಿಯ ಬಾಗಿಲಲ್ಲಿ ನಿಂತ ಸಿಮೆಂಟಿನ, ಪ್ಲಾಸ್ಟರಿನ ಅಂಬೇಡ್ಕರ್ ನಮ್ಮ ಜನರ ಬೆನ್ನುಮೂಳೆ. ಆ ಪ್ರತಿಮೆಗೆ ಕಲ್ಲು ಬಿದ್ದಾಗ ಬೀಳುವುದು ನಮ್ಮ ಮೈಮೇಲೆ. ಆದರೆ ಅಚ್ಚಿನಿಂದ ಅಚ್ಚು ತೆಗೆಯುತ್ತಾ ಹೋದರೆ ಏನಾಗುತ್ತದೆ ಎಂಬುದನ್ನು ಕಸುಬಿನವರನ್ನು ಕೇಳಿ. ಪ್ರತಿ ಸಲವೂ ಗೆರೆ ಮಾಸುತ್ತದೆ. ನಾಲ್ಕನೇ ಸಲಕ್ಕೆ ಕೋಟು ಇರುತ್ತದೆ, ಕನ್ನಡಕ ಇರುತ್ತದೆ, ಬೆರಳು ಇರುತ್ತದೆ, ಮುಖ ಇರುವುದಿಲ್ಲ. ರಾತ್ರಿಯೆಲ್ಲ ಓದಿ ಕೆಂಪಾದ ಕಣ್ಣು, ಸಕ್ಕರೆ ಕಾಯಿಲೆ ತಿಂದ ದೇಹ, ಮಕ್ಕಳನ್ನು ಮಣ್ಣು ಮಾಡಿದ ತಂದೆಯ ಸಂಕಟ, ಇವೆಲ್ಲ ಒಳಸರಿದ ಜಾಗಗಳು. ಅವನ್ನು ತುಂಬಿ ಸವರಿಬಿಟ್ಟರೆ ಹಾರ ಹಾಕುವುದು ಸುಲಭ, ಓದುವುದು ಕಷ್ಟ. ನಮ್ಮ ಕವಿತೆಗಳಲ್ಲೂ ಇದೇ ಗತಿ. ಬೆಂಕಿ, ಕತ್ತಿ, ಸೂರ್ಯ ಅಂತ ಎರೆದದ್ದನ್ನೇ ಎರೆಯುತ್ತಿದ್ದೇವೆ. ನಮ್ಮದೇ ಹಳೆಯ ಪದ್ಯಗಳನ್ನು ಈ ಲೇಖನ ಬರೆಯುವ ಮೊದಲು ತೆಗೆದು ನೋಡಿದೆವು. ಅರ್ಧಕ್ಕರ್ಧ ಅಚ್ಚಿನವು.

ಕೊನೆಗೆ ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ಒಂದು ಕೋರಿಕೆ. ಕೆರೆಯ ಜೇಡಿಗೆ ದುಡ್ಡಿಲ್ಲ. ಪ್ಲಾಸ್ಟರು ಪೇಟೆಯಲ್ಲಿ ಸಿಗುತ್ತದೆ, ತುಟ್ಟಿಯೇನಲ್ಲ. ಜೇನುಮೇಣ ಸಿಗದಿದ್ದರೆ ಮೇಣದ ಬತ್ತಿಯೇ ಆದೀತು, ಆದರೆ ಅದು ಬೇಗ ಬಿರಿಯುತ್ತದೆ. ಬೆಂಕಿಯ ಕೆಲಸ ದೊಡ್ಡವರೇ ಮಾಡಿ. ಗಟ್ಟಿಯಾಗುವ ಪ್ಲಾಸ್ಟರಿನೊಳಗೆ ಮಕ್ಕಳು ಕೈ ಇಡದ ಹಾಗೆ ನೋಡಿ, ಸುಡುತ್ತದೆ. ಶಾಲೆಯ ಗೋಡೆಯ ಮೇಲೆ ಇರುವ ಮಹನೀಯರ ಮುಖವನ್ನೇ ಮತ್ತೆ ಮಾಡಿಸಬೇಡಿ. ಬಿಸಿಯೂಟ ಮಾಡುವ ಅಕ್ಕನ ಮುಖ, ಕೇರಿಯ ಹಿರಿಯಜ್ಜಿಯ ಮುಖ, ತಮಟೆ ಬಡಿಯುವ ತಾತನ ಮುಖ ಮಾಡಿಸಿ. ಎದುರಿಗೆ ಕೂರಿಸಿಕೊಂಡು, ಅವರು ಬದುಕಿರುವಾಗಲೇ ಮಾಡಿಸಿ. ಕೆಳಗೆ ಅವರ ಹೆಸರು ಬರೆಸಿ, ಯಾವ ಕೆಲಸ ಮಾಡಿ ಬದುಕಿದರು ಎಂದು ಬರೆಸಿ. ಗುಳಿ ಇದ್ದಲ್ಲಿ ಗುಳಿ ಇರಲಿ. ಅಚ್ಚು ಕಚ್ಚಿಕೊಂಡರೆ ಒಡೆಯಿರಿ.

ಎರಡನೆಯ ಮುಖವನ್ನೂ ದೊಡ್ಡವ್ವನಿಗೆ ತೋರಿಸಿದೆವು. ಉಳಿ ತಗುಲಿ ಕಿವಿಯ ಹಾಲೆಯ ತುದಿ ಹಾರಿಹೋಗಿತ್ತು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಹೆಬ್ಬೆರಳಿನಿಂದ ಕೆನ್ನೆಯ ಗುಳಿ ಸವರಿ, “ಬಾಯಲ್ಲಿ ಎಲೆಅಡಿಕೆ ಒಂದ್ ಇಲ್ಲ ನೋಡು” ಅಂದಳು. ಆಮೇಲೆ ಅದನ್ನು ನಮಗೆ ವಾಪಸು ಕೊಡಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು, ಬಿಸಿಲು ಬೀಳದ ಕಡೆ ಇಡಬೇಕಾ ಹೆಂಗೆ ಅಂತ ಕೇಳಿ, ಒಳಕ್ಕೆ ತೆಗೆದುಕೊಂಡು ಹೋದಳು.